ಬಿಳಿ ಮೋಡ ನೋಡಿ ತಾಡಪತ್ರಿ ಹೊಚ್ಚಿದ ಕಥಿ

ಹೋದ ವಾರ ಪಕ್ಕದೂರಿನ ಹುಡುಗನೊಬ್ಬ ಮೊಬೈಲ್‌ಗೆ ಚಂಡಮಾರುತದ ಚಿತ್ರ ಕಳಿಸಿ, "ಕಾಕಾ, ನಮ್ಮ ಜಿಲ್ಲಾ ಪೂರಾ ಬಿಳಿ ಕಾಣತೈತಿ, ಗೋವಿನಜೋಳ ಮುರಿಯೂದೋ ಬ್ಯಾಡೋ?" ಅಂತ ಕೇಳಿದ. ಅದಕ್ಕ ನನ್ನ 2019ರ ಕಥಿ ಬರೀತೀನಿ.

ಆ ವರ್ಷ ದೀಪಾವಳಿ ಹೊತ್ತಿಗೆ ಅರಬ್ಬಿ ಸಮುದ್ರದಾಗ ಕ್ಯಾರ್ ಚಂಡಮಾರುತ ಎದ್ದಿತ್ತು. ಅಕ್ಟೋಬರ್ 27ಕ್ಕ, ಅಮಾವಾಸ್ಯೆ ದಿನ, ಅದು ಸೂಪರ್ ಸೈಕ್ಲೋನ್ ಆಯ್ತು. ಟಿವಿಯೊಳಗ ದೊಡ್ಡ ಬಿಳಿ ಚಕ್ರ, ಅದರ ಅಂಚು ನಮ್ಮ ಕಡೆಗೇ ಚಾಚಿದಂಗ ಕಂಡಿತು. ಮೂರು ಎಕರೆದ ತೆನಿ ಕಣದಾಗಿತ್ತು, ಇನ್ನೂ ಹಸಿ. ಹಬ್ಬದಾಗ ಆಳು ಸಿಗಲಿಲ್ಲ. ಎರಡು ಪಟ್ಟು ಪಗಾರ ಕೊಟ್ಟು ಕರೆಸಿ, ಗುಂಪಿ ಹಾಕಿಸಿ ತಾಡಪತ್ರಿ ಬಿಗಿದೆ. ನಾಕು ದಿನ ಬಿಚ್ಚಲಿಲ್ಲ. ಕ್ಯಾರ್ ಒಮಾನ್ ಕಡೆ ಹೋತು, ನಮ್ಮ ಕಣದ ಮ್ಯಾಲೆ ಹನಿ ಬೀಳಲಿಲ್ಲ. ಬಿಚ್ಚಿ ಕೈ ಇಟ್ರ ಗುಂಪಿಯೊಳಗ ಬಿಸಿ, ಮುಗ್ಗಲು ವಾಸನಿ, ತೆನಿಗೆ ಬೂಷ್ಟು. ಆ ಸಲ ಸಿಕ್ಕ ರೇಟು ಇಲ್ಲಿ ಹೇಳಾಕ ನಾಚಿಕಿ. ಟಿವಿಯಾಗ ಮೋಡ ಬಂದ್ರ ನಮ್ಮ ಮನಿಯವರು ಇವತ್ತಿಗೂ ನನ್ನ ಮಾರಿ ನೋಡತಾರ.

ಆಮೇಲೆ ಮಗಳ ಕಡೆ ಓದಿಸಿ ತಿಳಕೊಂಡೆ. ಟಿವಿಯ ಚಿತ್ರ ನಮ್ಮ ಇನ್ಸಾಟ್ ಉಪಗ್ರಹದ್ದು. ಸುಮಾರು 36,000 ಕಿ.ಮೀ. ಎತ್ತರದಿಂದ ಅರ್ಧ ತಾಸಿಗೊಮ್ಮೆ ತೆಗೆದದ್ದು. ಅದರೊಳಗ ಕಾಣೂದು ಮೋಡದ ನೆತ್ತಿ. ನೆತ್ತಿ ಎಷ್ಟು ತಣ್ಣಗೈತೋ ಚಿತ್ರ ಅಷ್ಟು ಬಿಳಿ. ಚಂಡಮಾರುತದ ಮ್ಯಾಲಿನ ಗಾಳಿ ತೆಳ್ಳನ ಹಿಮದ ಮೋಡಾನ ನೂರಾರು ಕಿ.ಮೀ. ದೂರ ಹರಡತೈತಿ. ಅದೂ ಬಿಳೀನ. ಕೆಳಗ ಮಳಿ ಇರಬೇಕಂತೇನಿಲ್ಲ.

ಎಪಿಎಂಸಿಯಾಗ ಚೀಲಕ್ಕ ಕೊಳವಿ ಚುಚ್ಚಿ ಒಳಗಿನ ಕಾಳು ತೆಗೆದು ನೋಡತಾರಲ್ಲ, ಹಂಗ ಮೋಡದ ಒಳಗ ನೋಡಾಕ ರೇಡಾರ್ ಬೇಕು. 1997ರ ನವೆಂಬರ್‌ನಾಗ ಅಮೆರಿಕ, ಜಪಾನ್ ಕೂಡಿ ಟಿಆರ್‌ಎಂಎಂ ಉಪಗ್ರಹದಾಗ ಮೊದಲ ಸಲ ಮಳಿ ನೋಡೋ ರೇಡಾರ್ ಹಾರಿಸಿದರು. 2014ರಾಗ ಅದರ ಜಾಗಕ್ಕ ಜಿಪಿಎಂ ಬಂತು, ಸುಮಾರು 400 ಕಿ.ಮೀ. ಎತ್ತರದಾಗ. ಕಳಿಸಿದ ಅಲೆ ಹನಿಗೆ ಬಡಿದು ತಿರುಗಿ ಬರತೈತಿ. ಎಷ್ಟು ಹೊತ್ತಿಗೆ ಬಂತು ಅನ್ನೂದರ ಮ್ಯಾಲೆ ಮಳಿ ಯಾವ ಎತ್ತರದಾಗೈತಿ ಅಂತ ಪದರ ಪದರ ಗೊತ್ತಾಗತೈತಿ.

ಹಂಗ ನೋಡಿದ್ರ ಆ ಬಿಳಿ ಚಕ್ರ ಬ್ಯಾರೇನ ಕಾಣತೈತಿ. ನಡುವ ಕಣ್ಣು, ಅದರ ಸುತ್ತ ಗ್ವಾಡಿ ಕಟ್ಟಿದಂಗ ಜೋರು ಮಳಿ. ಅದರಾಚೆ ಹಗ್ಗ ಸುತ್ತಿದಂಗ ಮಳಿಯ ಪಟ್ಟಿಗಳು, ಪಟ್ಟಿಗಳ ನಡುವ ಖಾಲಿ ಅಥವಾ ಸಣ್ಣ ಹನಿ. ಗ್ವಾಡಿಯೊಳಗ ಒಮ್ಮೊಮ್ಮೆ 15 ಕಿ.ಮೀ. ಎತ್ತರದ ಮಳಿಕಂಬ ಏಳತಾವು. ಅಂಥಾವು ಕಂಡ್ರ ಚಂಡಮಾರುತ ಇನ್ನೂ ಬಲಿಯೋ ಸಂಭವ ಹೆಚ್ಚು.

ಆದ್ರ ಈ ರೇಡಾರ್ ಒಂದು ಸಲಕ್ಕ ನೋಡೂದು ಸುಮಾರು 245 ಕಿ.ಮೀ. ಅಗಲದ ಪಟ್ಟಿ ಅಷ್ಟ. ಬ್ಯಾರೆ ಉಪಗ್ರಹಗಳ ಲೆಕ್ಕಾನೂ ಕೂಡಿಸಿ ಅರ್ಧ ತಾಸಿಗೊಂದು ಮಳಿ ನಕ್ಷಾ ಮಾಡತಾರ, ಅದರ ಒಂದು ಚೌಕ ಸುಮಾರು 10 ಕಿ.ಮೀ. ಆಡೂರು, ಪಕ್ಕದ ಹಳ್ಳಿ ಎಲ್ಲಾ ಒಂದ ಚೌಕದಾಗ ಬಂದುಬಿಡಬಹುದು. ಅದೂ ಬಿದ್ದ ಮಳಿ, ಬೀಳೂ ಮಳಿ ಅಲ್ಲ.

ಆ ಹುಡುಗನಿಗೆ ಹೇಳಿದ್ದು ಇಷ್ಟು: ಚಿತ್ರದ ಬಿಳಿ ಬಿಡು, ಹವಾಮಾನ ಇಲಾಖೆ ನಮ್ಮ ಜಿಲ್ಲಾಕ್ಕ ಕೊಟ್ಟ ಮುನ್ಸೂಚನೆ ದಿನಾ ನೋಡು. ಮುರಿದ ಮ್ಯಾಲೆ ಹಸಿ ತೆನಿ ಗುಂಪಿ ಹಾಕಬ್ಯಾಡ, ತೆಳ್ಳಗ ಹರವು. ರಾತ್ರಿ ತಾಡಪತ್ರಿ ಹೊಚ್ಚಿದ್ರ ಬಿಸಿಲು ಬಿದ್ದ ಕೂಡಲೇ ತೆಗಿ. ನಿನ್ನೆ ಎರಡು ಎಕರೆ ಮುರಿಸ್ಯಾನಂತ.