ಪಕ್ಕದಲ್ಲಿಟ್ಟ ಮಾತು

ನಿಘಂಟನ್ನು ಕಾದಂಬರಿಯಂತೆ ಓದುವ ಚಟವೊಂದು ನನಗುಂಟು. ಹಾಗೆ ಓದುವಾಗ ಸಿಕ್ಕಿದ್ದು ಇಟಾಲಿಯನ್ ಭಾಷೆಯ ‘ಪಾರ್ಲಾರೆ’. ಮಾತನಾಡು ಎಂದು ಅದರ ಅರ್ಥ. ತೀರ ಸಾಮಾನ್ಯವಾದ ಕ್ರಿಯಾಪದ. ಅದರ ವಂಶಾವಳಿ ಮಾತ್ರ ಸಾಮಾನ್ಯವಾದದ್ದಲ್ಲ.

ಇಟಾಲಿಯನ್ನಿಗೆ ತಾಯಿ ಲ್ಯಾಟಿನ್. ಆ ತಾಯಿಯ ಬಳಿ ಮಾತನಾಡುವುದಕ್ಕೆ ‘ಲೋಕ್ವಿ’ ಎಂಬ ಘನವಾದ ಪದವಿತ್ತು. ಮಗಳು ಅದನ್ನು ಬಿಟ್ಟು ಗ್ರೀಕರ ‘ಪರಬೊಲೆ’ಯನ್ನು ಹಿಡಿದಳು. ‘ಪರ’ ಎಂದರೆ ಪಕ್ಕದಲ್ಲಿ. ಉಳಿದ ಭಾಗಕ್ಕೆ ಎಸೆಯುವುದು ಎಂದರ್ಥ. ಒಂದರ ಪಕ್ಕಕ್ಕೆ ಇನ್ನೊಂದನ್ನು ತಂದು ಹಾಕುವುದು, ಅಂದರೆ ಹೋಲಿಕೆ. ಸುವಾರ್ತೆಗಳಲ್ಲಿ ಯೇಸುವಿನ ದೃಷ್ಟಾಂತಕಥೆಗಳಿಗೆ ಇದೇ ಹೆಸರು. ಚರ್ಚಿನ ಲ್ಯಾಟಿನ್ನಿನಿಂದ ಅದು ಜನರ ಬಾಯಿಗೆ ಬಿತ್ತು, ಸವೆಯಿತು. ‘ಪರಾಬೊಲಾ’ ಎಂಬುದು ‘ಪರೋಲಾ’ ಆಗಿ ಬರಿಯ ಮಾತು ಎಂಬ ಅರ್ಥಕ್ಕಿಳಿಯಿತು. ‘ಪರಾಬೊಲಾರೆ’ ಎಂಬುದು ‘ಪಾರ್ಲಾರೆ’ ಆಯಿತು. ಹಳೆಯ ‘ವೆರ್ಬುಂ’ ಇಟಾಲಿಯನ್ನಿನಲ್ಲಿ ದೇವರ ವಾಕ್ಯಕ್ಕೂ ವ್ಯಾಕರಣದ ಕ್ರಿಯಾಪದಕ್ಕೂ ಮೀಸಲಾಗಿ ಉಳಿಯಿತು. ಫ್ರೆಂಚರ ‘ಪಾರ್ಲೆ’ಯೂ ಇದೇ ಮನೆತನದ್ದು, ನಮ್ಮ ಬಾಯಲ್ಲಿ ದಿನವೂ ಆಡುವ ಪಾರ್ಲಿಮೆಂಟು ಅದರ ಮೊಮ್ಮಗು. ನೆರೆಯ ಸ್ಪ್ಯಾನಿಷಿನ ‘ಆಬ್ಲಾರ್’ ಕೂಡ ಕತೆ ಎಂಬರ್ಥದ ‘ಫಾಬುಲಾ’ದಿಂದಲೇ ಹುಟ್ಟಿದ್ದು.

ಕತೆ ಹೇಳುವುದೇ ಮಾತನಾಡುವುದಾದದ್ದು ವಿಚಿತ್ರವೆಂದು ತಮಗೆ ತೋರಬಹುದು. ಅಜ್ಜಿಯನ್ನು ಕಂಡಿದ್ದ ನನಗೆ ತೋರಲಿಲ್ಲ.

ಪಾಲಿನ ಜಗಳದಲ್ಲಿ ಮನೆ ಬಿಟ್ಟಿದ್ದ ನಮ್ಮಣ್ಣ ನಾಲ್ಕು ವರ್ಷದ ಮೇಲೆ ಒಂದು ಸಂಜೆ ಬಂದು ಜಗುಲಿಯ ಮೇಲೆ ಕುಳಿತ. ನೇರ ಮಾತಿಗೆ ಹೆಸರಾದ ತಂದೆಯವರ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಯಾರಾದರೂ ‘ಕ್ಷಮಿಸಿಬಿಡಿ’ ಎಂದಿದ್ದರೆ ಇನ್ನಷ್ಟು ಬಿಗಿಯುತ್ತಿದ್ದರು. ಅಜ್ಜಿ ಕೊಟ್ಟಿಗೆಯ ಕಡೆ ನೋಡುತ್ತ, “ತಪ್ಪಿಸಿಕೊಂಡ ಕರು ಕತ್ತಲಾದ ಮೇಲೆ ಬಂದರೆ, ಎಲ್ಲಿಗೆ ಹೋಗಿದ್ದೆ ಅಂತ ಹಸು ಕೇಳುತ್ತದೆಯೇ? ಮೈ ನೆಕ್ಕುತ್ತೆ ಕಣಪ್ಪ” ಎಂದರು. ತಂದೆಯವರು ಉತ್ತರ ಕೊಡದೆ ಎದ್ದು ಹೋದರು. ಸ್ವಲ್ಪ ಹೊತ್ತಿನ ಮೇಲೆ, “ಅವನಿಗೂ ಒಂದು ಎಲೆ ಹಾಕಿ” ಎಂಬ ಅವರ ದನಿ ಒಳಗಿನಿಂದ ಕೇಳಿಸಿತು.

ಅಜ್ಜಿಗೆ ಗ್ರೀಕೂ ಗೊತ್ತಿರಲಿಲ್ಲ, ಹಿಂದಿರುಗಿದ ಮಗನ ಕತೆಯನ್ನು ಹೇಳುವ ಲೂಕನ ಸುವಾರ್ತೆಯೂ ಗೊತ್ತಿರಲಿಲ್ಲ. ಮಗನ ಪಕ್ಕದಲ್ಲಿ ಒಂದು ಕರುವನ್ನು ತಂದು ನಿಲ್ಲಿಸಿದರು, ಅಷ್ಟೆ.

ಇದ್ದದ್ದನ್ನು ಇದ್ದಂತೆ ಹೇಳುವುದು ಮಾತು, ಉಪಮೆ ಅದರ ಮೇಲಿನ ಒಡವೆ ಎಂದು ಶಾಲೆಯಲ್ಲಿ ನಮಗೆ ಕಲಿಸಿದರು. ‘ಪಾರ್ಲಾರೆ’ಯಲ್ಲಿ ಒಡವೆಯೇ ಕರಗಿ ಮೈಯಾಗಿದೆ. ರೋಮಿನ ತರಕಾರಿ ಅಂಗಡಿಯವನಿಗೆ ಇದೆಲ್ಲ ನೆನಪಿರಲಾರದು, ಇರಬೇಕಾಗಿಯೂ ಇಲ್ಲ. ಆದರೆ ಮಗನೊಡನೆ ಮುನಿಸಿಕೊಂಡ ದಿನ ಅವನಿಗೂ ಒಂದು ಕರುವೋ ಕುರಿಯೋ ಬೇಕಾದೀತು.