ಅಮ್ಮನ ನೀಲಿ ಬಾಟಲಿ

ಹೆಂಗಸರ ಟ್ರಂಕಿನ ತಳದಲ್ಲಿ ಏನಿರುತ್ತದೆ ಎಂದು ಮನೆಯ ಗಂಡಸರನ್ನು ಕೇಳಬಾರದು. ಅವರಿಗೆ ಗೊತ್ತಿರುವುದು ಮೇಲಿನ ಎರಡು ಸೀರೆ ಮಾತ್ರ. 1993ರಲ್ಲಿ ಮೈಸೂರಿನ ನಮ್ಮ ಹಳೆಯ ಮನೆಗೆ ಸುಣ್ಣ ಹೊಡೆಸುವಾಗ ಅಮ್ಮನ ಟ್ರಂಕನ್ನು ನಡುಮನೆಗೆ ಎಳೆದು ಖಾಲಿ ಮಾಡಿದವಳು ನಾನು. ಧಾರೆ ಸೀರೆ, ನನ್ನ ಕುಲಾವಿ, ಅಪ್ಪನ ಕನ್ನಡಕ, ಒಂದಿಷ್ಟು ನುಸಿಗುಳಿಗೆ. ಎಲ್ಲದರ ಕೆಳಗೆ, ಹಳೆಯ ರವಿಕೆಯಲ್ಲಿ ಸುತ್ತಿಟ್ಟಿದ್ದ ಕಡುನೀಲಿ ಗಾಜಿನ ಪುಟ್ಟ ಬಾಟಲಿ. ಈವನಿಂಗ್ ಇನ್ ಪ್ಯಾರಿಸ್!

ನನ್ನ ಓರಗೆಯವರಿಗೆ ಹೆಸರು ಹೇಳಿದರೆ ಸಾಕು, ಮೂಗು ತಾನಾಗಿ ಅರಳುತ್ತದೆ. ಕಿರಿಯರಿಗಾಗಿ ಎರಡು ಮಾತು. ಇದು 1928ರಲ್ಲಿ ಫ್ರಾನ್ಸಿನ ಬೂರ್ಜ್ವಾ ಕಂಪನಿ ಹೊರತಂದ ಸೆಂಟು. ಮಾಡಿದವನು ಅರ್ನೆಸ್ಟ್ ಬೋ. ಮಾಸ್ಕೋದಲ್ಲಿ ಹುಟ್ಟಿ, ರಷ್ಯಾದ ಕ್ರಾಂತಿಯ ನಂತರ ಫ್ರಾನ್ಸಿಗೆ ಬಂದವನು. 1921ರ ಶನೆಲ್ ನಂಬರ್ 5 ಕೂಡ ಅವನ ಕೈಯದೇ. ಅದು ಸಿರಿವಂತರ ಸೊತ್ತಾದರೆ ಇದು ಸಂಬಳದವರ ಹೆಂಡತಿಯರಿಗೂ ಎಟುಕುವಂಥದು. ನಮ್ಮ ದೇಶಕ್ಕೂ ಬಂದು ಮಧ್ಯಮ ವರ್ಗದ ಮನೆಗಳನ್ನು ಹೊಕ್ಕಿತು. 1967ರಲ್ಲಿ ಶಮ್ಮಿ ಕಪೂರ್, ಶರ್ಮಿಳಾ ಟಾಗೋರರ ಸಿನಿಮಾ ಹೆಚ್ಚುಕಡಿಮೆ ಅದೇ ಹೆಸರಿನಲ್ಲಿ ಬಂದಾಗ ಅಮ್ಮ, "ನೋಡೇ, ನನ್ನ ಬಾಟಲಿ ಹೆಸರು!" ಎಂದು ನಕ್ಕಿದ್ದಳು.

ಅಪ್ಪ ಆಫೀಸಿನ ಕೆಲಸದ ಮೇಲೆ ಬೊಂಬಾಯಿಗೆ ಹೋದಾಗ ತಂದದ್ದು ಅದು. ಗಂಧದೆಣ್ಣೆ ಕಾರ್ಖಾನೆ ಇರುವ ಊರಿಗೆ ಪರದೇಶದ ಸೆಂಟೇ ಎಂದು ಅಜ್ಜಿ ಗೊಣಗಿದ್ದರಂತೆ. ಅಮ್ಮ ಅದನ್ನು ಜಿಪುಣತನದಿಂದ ಬಳಸುತ್ತಿದ್ದಳು. ಯಾರದಾದರೂ ಮದುವೆಗೆ, ದಸರಾ ದೀಪ ನೋಡಲು ಹೊರಟಾಗ, ಬೆರಳ ತುದಿಗೆ ಮುಟ್ಟಿಸಿ ಕಿವಿಯ ಹಿಂದೆ ಒಂದು ಚುಕ್ಕೆ. ನನಗೆ ಮುಚ್ಚಳ ಮೂಸುವುದಕ್ಕೆ ಮಾತ್ರ ಅಪ್ಪಣೆ.

1968ರಲ್ಲಿ ಅಪ್ಪ ಹೋದರು. ಆಗ ಅಮ್ಮನಿಗೆ 38, ನನಗೆ 13. ಕುಂಕುಮ ಹೋಯಿತು, ಹೂವು ಹೋಯಿತು, ಗಾಜಿನ ಬಳೆ ಹೋಯಿತು. ಅಜ್ಜಿ ತಾವೂ ಇದನ್ನೆಲ್ಲ ಕಳೆದುಕೊಂಡವರೇ. ಆದರೆ ಸೊಸೆಯ ವಿಷಯದಲ್ಲಿ ಒಂದು ಎಳೆಯಷ್ಟೂ ಸಡಿಲ ಬಿಡಲಿಲ್ಲ. ಸೆಂಟಿನ ಮಾತನ್ನು ಯಾರೂ ಎತ್ತಲಿಲ್ಲ, ಎತ್ತುವ ಅಗತ್ಯವೂ ಇರಲಿಲ್ಲ. ಕನ್ನಡಿಯ ಗೂಡಿನಿಂದ ಬಾಟಲಿ ಮಾಯವಾದ ದಿನ ನನಗೆ ಚೆನ್ನಾಗಿ ನೆನಪಿದೆ. ಹಿಂದಿನ ದಿನವಷ್ಟೇ ಕದ್ದು ಬೆಳಕಿಗೆ ಹಿಡಿದು ನೋಡಿದ್ದೆ. ಅರ್ಧಕ್ಕಿಂತ ಮೇಲಿತ್ತು.

25 ವರ್ಷಗಳ ಮೇಲೆ ನನ್ನ ಕೈಗೆ ಸಿಕ್ಕಿದಾಗ ತಳದಲ್ಲಿ ನಾಲ್ಕೈದು ಹನಿ ಉಳಿದಿತ್ತು, ಕಷಾಯದ ಬಣ್ಣಕ್ಕೆ ತಿರುಗಿ.

ಅಮ್ಮನನ್ನು ಕೇಳಲು ಬಾಯಿ ಬರಲಿಲ್ಲ. ನಮ್ಮ ಯಜಮಾನರನ್ನು ಕೇಳಿದೆ. ಅವರು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳುವವರು. "ಸೆಂಟು ಅಂದರೆ ಮುಕ್ಕಾಲುಪಾಲು ಆಲ್ಕೋಹಾಲು. ಮುಚ್ಚಳ ಎಷ್ಟು ಬಿಗಿಯಾಗಿದ್ದರೂ ವರ್ಷ ವರ್ಷ ಸ್ವಲ್ಪ ಆರಿ ಹೋಗುತ್ತೆ. ಕಿತ್ತಳೆ, ನಿಂಬೆ ಜಾತಿಯ ಹಗುರ ಪರಿಮಳ ಮೊದಲು ಕೆಡುತ್ತೆ. ಭಾರದ್ದು ಉಳಿಯುತ್ತೆ," ಎಂದರು. ಮೂಸಿದೆ. ನಿಜ, ಮೊದಲ ಉಸಿರಿಗೆ ಹಳೆಯ ವಾರ್ನಿಷಿನ ನಾತ. ಅದು ಸರಿದ ಮೇಲೆ, ತೀರ ಹಿಂದೆಲ್ಲೋ, ವೆನಿಲಾದಂಥ ಒಂದು ಸಿಹಿ. ನನ್ನ ಕಣ್ಣು ತುಂಬಿತು. ಆರಿಹೋಗಿದೆ ಎಂಬ ಉತ್ತರ ನನಗೂ ಅನುಕೂಲವಾಗಿತ್ತು. ಬಾಟಲಿಯನ್ನು ಇದ್ದ ಹಾಗೆಯೇ ಸುತ್ತಿಟ್ಟೆ.

ಆ ಸೆಂಟಿನ ತಯಾರಿಕೆ 1960ರ ದಶಕದ ಕೊನೆಗೇ ನಿಂತಿತ್ತು. 1992ರಲ್ಲಿ ಅದೇ ಕಂಪನಿ ಅದೇ ನೀಲಿ ಗಾಜಿನಲ್ಲಿ ಮತ್ತೆ ಹೊರತಂದದ್ದು ನನಗೆ ತಿಳಿದೇ ಇರಲಿಲ್ಲ. 1994ರಲ್ಲಿ ನಮ್ಮಣ್ಣನ ಮಗ ಕೆಲಸದ ಮೇಲೆ ಪ್ಯಾರಿಸ್ಸಿಗೆ ಹೋದವನು, ನಾನು ಮಾತಿನ ನಡುವೆ ಹೇಳಿದ್ದನ್ನು ನೆನಪಿಟ್ಟುಕೊಂಡು ಒಂದು ತಂದ. ಅದನ್ನು ನೇರವಾಗಿ ಅಜ್ಜಿಯ ಕೈಯಲ್ಲೇ ಇಟ್ಟುಬಿಟ್ಟ, ಹುಡುಗ! ನನ್ನ ಎದೆ ಹೊಡೆದುಕೊಂಡಿತು. ಅಮ್ಮ ಮುಚ್ಚಳ ತೆಗೆದಳು, ಬೆರಳಿಗೆ ಮುಟ್ಟಿಸಿದಳು, ಕಣ್ಣು ಮುಚ್ಚಿ ಮೂಸಿದಳು.

"ಚೆನ್ನಾಗಿದೆ ಕಣೋ. ಆದರೆ ಇದು ಅದಲ್ಲ."

ಅದಲ್ಲದೆ ಇರುವುದು ಸಹಜವೇ. ಹಳೆಯ ಸೆಂಟುಗಳಲ್ಲಿ ಬಳಸುತ್ತಿದ್ದ ಕಸ್ತೂರಿ ಬಗೆಯ ಕೆಲವು ರಾಸಾಯನಿಕಗಳು ಚರ್ಮಕ್ಕೆ ಕೆಡುಕೆಂದು ಆ ಹೊತ್ತಿಗೆ ಬಳಕೆಯಿಂದ ಬಿಟ್ಟುಹೋಗಿದ್ದವು. ಯಜಮಾನರು ಅದನ್ನೆಲ್ಲ ವಿವರಿಸತೊಡಗಿದರು. ಅಮ್ಮ ಅವರ ಮಾತಿಗೆ ತಲೆಯಾಡಿಸುತ್ತಲೇ ನನ್ನ ಕಡೆ ತಿರುಗಿದಳು.

"ಅದು ಹಚ್ಚಿದಾಗ ಒಂಥರಾ ಇರ್ತಿತ್ತು, ರಾತ್ರಿ ಒಂಥರಾ. ಬೆಳಿಗ್ಗೆ ದಿಂಬಿನ ಮೇಲೆ ಇರ್ತಿದ್ದ ವಾಸನೆಯೇ ಬೇರೆ. ಕೊನೇತನಕ ಹಾಗೇ ಇತ್ತು ಕಣೆ."

"ಕೊನೇತನಕ ಅಂದ್ರೆ?"

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನಿನ್ನ ಮದುವೇಲೂ ಹಚ್ಕೊಂಡಿದ್ದೆ," ಎಂದಳು.

ನನ್ನ ಮದುವೆಯಾದದ್ದು 1978ರಲ್ಲಿ. ಧಾರೆ ಎರೆದವರು ಚಿಕ್ಕಪ್ಪ, ಚಿಕ್ಕಮ್ಮ. ಅಮ್ಮ ಎರಡು ದಿನವೂ ಉಗ್ರಾಣದಲ್ಲಿದ್ದಳು; ತೆಂಗಿನಕಾಯಿ ಎಣಿಸುತ್ತ, ಸಕ್ಕರೆ ಅಳೆದು ಕೊಡುತ್ತ. ಹೊರಡುವ ಮುಂಚೆ ನಾನು ಅಲ್ಲಿಗೇ ಹೋಗಿ ನಮಸ್ಕಾರ ಮಾಡಿದ್ದೆ. ಅವಳು ನನ್ನನ್ನು ತಬ್ಬಿಕೊಂಡಿದ್ದಳು.

"ಅಜ್ಜಿಗೆ ಗೊತ್ತಾಗಲಿಲ್ವೇನಮ್ಮಾ?"

"ಮದುವೆಮನೇಲಿ ಯಾರ ಮೂಗಿಗೆ ಏನು ಗೊತ್ತಾಗುತ್ತೆ? ಪನ್ನೀರು, ಗಂಧ, ಮಲ್ಲಿಗೆ… ಅಂಥ ದಿನ ನೋಡ್ಕೊಂಡೇ ಹಚ್ಕೋತಿದ್ದೆ."

ನನಗೂ ಗೊತ್ತಾಗಿರಲಿಲ್ಲ. ಅಷ್ಟು ಹತ್ತಿರ ನಿಂತಿದ್ದೆ. ಆದರೆ ನನ್ನ ಜಡೆಯ ತುಂಬ ಮೊಗ್ಗು, ಕೊರಳಲ್ಲಿ ಭಾರದ ಹಾರ, ಅದರ ಘಮಲಿನಾಚೆ ನನಗೆ ಏನೂ ಮುಟ್ಟಿರಲಿಲ್ಲ. ಅಂದಿನಿಂದ ಎಷ್ಟು ಸಲ ಆ ಉಗ್ರಾಣದ ಬಾಗಿಲಿಗೆ ಮನಸ್ಸಿನಲ್ಲೇ ಹೋಗಿ ನಿಂತಿದ್ದೇನೋ! ಹೊಗೆ, ಬೆಲ್ಲ, ಹಸಿ ತೆಂಗಿನಕಾಯಿ ಎಲ್ಲ ಬರುತ್ತವೆ. ಅದೊಂದು ಬರುವುದಿಲ್ಲ.

"ಇದು ಅದಲ್ಲ" ಎಂದರೂ ಅಮ್ಮ ಹೊಸ ಬಾಟಲಿಯನ್ನು ವಾಪಸು ಕೊಡಲಿಲ್ಲ. ಟ್ರಂಕಿಗೂ ಹಾಕಲಿಲ್ಲ. ಸೆರಗಿನಲ್ಲಿ ಒರೆಸಿ, ಕನ್ನಡಿಯ ಗೂಡಿನಲ್ಲಿ ಬಾಚಣಿಗೆಯನ್ನು ಅತ್ತ ಸರಿಸಿ, ಎಲ್ಲರ ಕಣ್ಣಿಗೆ ಬೀಳುವ ಹಾಗೆ ಇಟ್ಟಳು.