ಬೇಸಿಗೆ ಕೆರೆ, ಮರಲ್ ಮೀನು ಮತ್ತು ರಬ್ಬರ್ ಕಪ್ಪೆ

ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಬರುವುದು ಕಡಿಮೆಯಾಗುವುದೂ ನಮ್ಮ ಕಡೆಯ ಕೆರೆಗಳಲ್ಲಿ ನೀರು ಇಳಿಯುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಸುಗ್ಗಿಯಲ್ಲಿ ಸೋಮವಾರ, ಗುರುವಾರ ಬಿಡುವಿಲ್ಲದೆ ಚೀಲ ಹೊರುವ ಹಮಾಲರಿಗೆ ಮೇ ತಿಂಗಳ ಕೊನೆಗೆ ಕೆಲಸ ಇರುವುದೇ ಅಪರೂಪ. ನನ್ನ ಅಬ್ಬಾ ಅವರಲ್ಲಿ ಒಬ್ಬರು. ಆ ದಿನಗಳಲ್ಲಿ ಅವರು ಗಾಳ ತೆಗೆದುಕೊಂಡು ಕೆರೆಗೆ ಹೋಗುತ್ತಾರೆ. ಅಣ್ಣ ಕೆಲಸಕ್ಕೆಂದು ಹುಬ್ಬಳ್ಳಿ ಸೇರಿದ ಮೇಲೆ ಅವರ ಜೊತೆಗೆ ಹೋಗುವವಳು ನಾನು. ಸಿಕ್ಕ ಮೀನು ನಮ್ಮ ಮನೆಯ ರಾತ್ರಿಯ ಸಾಲನ್. ಹಾಗಾಗಿ ಯಾವ ಮೀನಿಗೆ ಯಾವ ಎರೆ ಎನ್ನುವುದು ನಮಗೆ ಬರಿಯ ಹವ್ಯಾಸದ ಮಾತಲ್ಲ.

ನಾವು ಹಿಡಿಯುವುದು ಹೆಚ್ಚಾಗಿ ಮರಲ್. ಕನ್ನಡದಲ್ಲಿ ಇದಕ್ಕೆ ಕೊರವ ಮೀನು ಎನ್ನುತ್ತಾರೆ. ತಲೆ ಹಾವಿನ ತಲೆಯಂತೆ, ಮೈ ಉದ್ದ, ಮುಳ್ಳು ಕಡಿಮೆ. ಕೆರೆಯ ಮೀನಿನ ಹಕ್ಕು ಗುತ್ತಿಗೆಗೆ ಹೋಗಿರುತ್ತದೆ. ಗುತ್ತಿಗೆದಾರರು ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಬಿಟ್ಟಿರುತ್ತಾರೆ. ಅವರನ್ನು ಕೇಳದೆ ಅಬ್ಬಾ ಎಂದೂ ಗಾಳ ಹಾಕುವುದಿಲ್ಲ. ಮರಲ್ ಆ ಮರಿಗಳನ್ನು ತಿನ್ನುವ ಮೀನಾದ್ದರಿಂದ ‘ಅದನ್ನ ಹಿಡಕೊಂಡ ಹೋಗ್ರಿ, ನಮಗೂ ಚಲೋನ’ ಎಂದು ಅವರು ಒಪ್ಪಿದ್ದಾರೆ.

ಬೇಸಿಗೆಯಲ್ಲಿ ಮರಲ್ ಏಕೆ ಸಿಗುತ್ತದೆ ಎನ್ನುವುದಕ್ಕೆ ಉತ್ತರ ನಮ್ಮ ಜೀವಶಾಸ್ತ್ರದ ಪಾಠದ ಹತ್ತಿರವೇ ಇದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಸಿಹಿನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಾತ್ರ. ರೋಹು, ಕಾಟ್ಲಾ ಬಿಸಿಲೇರಿದಾಗ ಮಂಕಾಗುತ್ತವೆ. ಮರಲ್‌ಗೆ ಕಿವಿರಿನ ಜೊತೆಗೆ ಗಾಳಿಯನ್ನೇ ಉಸಿರಾಡುವ ಅಂಗವೂ ಇದೆ. ಅದಕ್ಕೇ ಅದು ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ತೆಗೆದುಕೊಂಡು ಹೋಗಲೇಬೇಕು. ಆಗ ನೀರಿನ ಮೇಲೆ ಒಂದು ಉಂಗುರ ಏಳುತ್ತದೆ.

ಅಬ್ಬಾ ಶಾಲೆಯಲ್ಲಿ ಓದಿದ್ದು ನಾಲ್ಕನೇ ತರಗತಿಯವರೆಗೆ. ಆದರೆ ಆ ಉಂಗುರಗಳನ್ನು ಓದುತ್ತಾರೆ. ಕೆರೆಗೆ ಹೋದ ಕೂಡಲೇ ಗಾಳ ಬಿಚ್ಚುವುದಿಲ್ಲ. ಅರ್ಧ ಗಂಟೆ ಸುಮ್ಮನೆ ಕುಳಿತಿರುತ್ತಾರೆ. ‘ಮೊದಲು ಅದು ಏನು ಮಾಡ್ತಿದೆ ನೋಡು ಬೇಟಿ, ಆಮೇಲೆ ಏನು ಕೊಡಬೇಕು ಅಂತ ತಿಳಿಯುತ್ತೆ’ ಎನ್ನುತ್ತಾರೆ.

ಮರಲ್ ಜೊಂಡಿನ ಮರೆಯಲ್ಲಿ ನಿಂತು, ಹತ್ತಿರ ಬಂದದ್ದರ ಮೇಲೆ ಹಾರುವ ಮೀನು. ಹಿಂದೆ ಎಷ್ಟೋ ಜನ ಜೀವಂತ ಕಪ್ಪೆಯನ್ನೇ ಗಾಳಕ್ಕೆ ಚುಚ್ಚುತ್ತಿದ್ದರಂತೆ. ನಮ್ಮ ದಾದಾ ಅದನ್ನು ಮಾಡಲಿಲ್ಲ. ಕಪ್ಪೆಯನ್ನು ಕೊಲ್ಲಬಾರದೆಂದು ಹದೀಸ್‌ನಲ್ಲಿದೆ ಎಂದು ಎರೆಹುಳು, ಮಿಡತೆಗಳಲ್ಲೇ ತೃಪ್ತಿಪಟ್ಟವರು. ಅಣ್ಣ ಹುಬ್ಬಳ್ಳಿಯಿಂದ ರಬ್ಬರ್ ಕಪ್ಪೆಯನ್ನು ಕಳಿಸಿದಾಗ ಅಬ್ಬಾಗೆ ಆದ ಖುಷಿಗೆ ಇದೂ ಒಂದು ಕಾರಣ. ಇಂಥ ಪೊಳ್ಳು ಮೈಯ ರಬ್ಬರ್ ಕಪ್ಪೆ ಅಮೆರಿಕದಲ್ಲಿ ಬಾಸ್ ಮೀನು ಹಿಡಿಯುವವರ ಅಚ್ಚುಮೆಚ್ಚು. ಬಾಸ್ ನಮ್ಮ ಕೆರೆಗಳಲ್ಲಿಲ್ಲ. ಆದರೆ ಅದೂ ಮರಲ್‌ನಂತೆಯೇ ಗಿಡಗಳ ಮರೆಯಲ್ಲಿ ಹೊಂಚು ಹಾಕುವ ಮೀನು. ಅಲ್ಲಿ ನಡೆಯುವ ಉಪಾಯ ಇಲ್ಲಿಯೂ ನಡೆಯುತ್ತದೆ.

ಇದರ ಎರಡು ಕೊಕ್ಕೆಗಳು ಮೇಲ್ಮುಖವಾಗಿ ಬೆನ್ನಿಗೆ ಅಂಟಿಕೊಂಡಿರುತ್ತವೆ. ಹಾಗಾಗಿ ಜೊಂಡಿನ ಮೇಲೆ ಎಳೆದರೂ ಸಿಕ್ಕಿಕೊಳ್ಳುವುದು ಕಡಿಮೆ. ಮೀನು ಕಚ್ಚಿದಾಗ ರಬ್ಬರ್ ಒತ್ತಿಕೊಂಡು ಕೊಕ್ಕೆ ಹೊರಬರುತ್ತದೆ. ಆ ಸದ್ದಿಗೆ ಗಾಬರಿಯಾಗಿ ತಕ್ಷಣ ಎಳೆದರೆ ಬರಿಗಾಳ ಬರುತ್ತದೆ. ಮನಸ್ಸಿನಲ್ಲಿ ‘ಒಂದು, ಎರಡು’ ಎಂದು ಎಣಿಸಿ, ಕಪ್ಪೆ ನೀರೊಳಗೆ ಹೋದ ಮೇಲೆ ಎಳೆಯಬೇಕು. ಬೆಳಿಗ್ಗೆ ಮತ್ತು ಅಸರ್ ನಮಾಜ್‌ನ ನಂತರ, ನೀರು ಅಲುಗದೆ ನಿಂತಾಗ, ಇದಕ್ಕೆ ಸಮನಾದದ್ದಿಲ್ಲ. ನೀರು ರಾಡಿಯಾಗಿದ್ದರೆ ಕಪ್ಪು ಬಣ್ಣದ ಕಪ್ಪೆ, ಇಲ್ಲವೇ ತಿರುಗಿ ಅದುರುವ ತಗಡಿನ ಸ್ಪಿನ್ನರ್ ಮೇಲು. ಏಕೆಂದರೆ ಅಲ್ಲಿ ಮೀನು ಕಣ್ಣಿಗಿಂತ ನೀರಿನ ಅಲುಗಾಟವನ್ನು ಹೆಚ್ಚು ನಂಬುತ್ತದೆ.

ಇದೇ ಕಪ್ಪೆಯನ್ನು ಹಿಡಿದುಕೊಂಡು ಒಂದು ಭಾನುವಾರ ರಾಣೆಬೆನ್ನೂರಿನ ಮಾಮು ಜೊತೆ ಚೌಡಯ್ಯದಾನಪುರಕ್ಕೆ ಹೋಗಿದ್ದೆವು. ಅಂಬಿಗರ ಚೌಡಯ್ಯನ ಊರು. ಮುಕ್ತೇಶ್ವರ ದೇವಾಲಯದ ಪಕ್ಕದಲ್ಲಿಯೇ ತುಂಗಭದ್ರೆ. ದಡದಲ್ಲಿ ಬಲೆ ಬಿಡಿಸುತ್ತಿದ್ದ ಅಜ್ಜ ನಮ್ಮ ರಬ್ಬರ್ ಕಪ್ಪೆ ನೋಡಿ, ‘ಯವ್ವಾ, ಹರಿಯೋ ನೀರಾಗ ಕಪ್ಪಿ ಯಾಕ ಕುಂತಿರತೈತಿ? ಮೀನಕ್ಕ ಅಷ್ಟೂ ತಿಳಿಯಂಗಿಲ್ಲೇನ?’ ಎಂದು ನಕ್ಕರು. ಅಬ್ಬಾ ಕೂಡ ನಕ್ಕರು. ಅಂದು ಗೋಧಿ ಹಿಟ್ಟು, ಶೇಂಗಾ ಹಿಂಡಿ, ಸ್ವಲ್ಪ ಬೆಲ್ಲ ಕಲಸಿ ಉಂಡೆ ಮಾಡಿ ಹಾಕಿದೆವು. ಎರಡು ಮೀನು ಸಿಕ್ಕವು. ಎರೆಯ ಬೆಲೆ ಎಷ್ಟು ಎನ್ನುವುದು ಮುಖ್ಯವಲ್ಲ, ಆ ನೀರಿನಲ್ಲಿ ಅದು ಇರಬೇಕಾದ ವಸ್ತುವೇ ಎನ್ನುವುದು ಮುಖ್ಯ ಎಂದು ನನಗೆ ತಿಳಿದದ್ದು ಆ ಅಜ್ಜನ ಮಾತಿನಿಂದ.

ಹೊಳೆಗೆ ಹೋಗುವ ಗೆಳೆಯ ಗೆಳತಿಯರಿಗೆ ಒಂದು ಮಾತು. ಬೇಸಿಗೆಯಲ್ಲಿ ನೀರು ಕಡಿಮೆ ಕಂಡರೂ ಮರಳು ತೆಗೆದ ಗುಂಡಿಗಳು ಆಳವಾಗಿರುತ್ತವೆ. ಗಾಳ ಸಿಕ್ಕಿಕೊಂಡರೆ ಬಿಡಿಸಲು ನೀರಿಗಿಳಿಯಬೇಡಿ, ದಾರ ಕತ್ತರಿಸಿಬಿಡಿ.

ಈಗ ಹೇಳಬೇಕೆಂದಿದ್ದ ವಿಷಯಕ್ಕೆ ಬರುತ್ತೇನೆ. ಅಬ್ಬಾಗೆ ಮೂರು ವರ್ಷಗಳಿಂದ ದಮ್ಮು. ಮೆಣಸಿನಕಾಯಿ ಘಾಟಿನಿಂದ ದೂರ ಇರಬೇಕು ಎಂದು ಡಾಕ್ಟರ್ ಹೇಳಿದ್ದಾರೆ. ‘ಇನ್ನೊಂದು ಸುಗ್ಗಿ’ ಎನ್ನುತ್ತಲೇ ಅವರು ಮಾರುಕಟ್ಟೆಗೆ ಹೋಗುತ್ತಿದ್ದಾರೆ. ಮೊದಲು ಅಣ್ಣನ ಐಟಿಐ ಇತ್ತು. ಈಗ ನನ್ನ ಎರಡನೇ ವರ್ಷದ ಪಿಯುಸಿ ಇದೆ.

ಕಳೆದ ಮೇ ತಿಂಗಳ ಕೊನೆಯ ವಾರ. ಹಿಂದಿನ ರಾತ್ರಿ ಗುಡುಗು ಮಳೆಯಾಗಿ ಕೆರೆಗೆ ಒಂದಿಷ್ಟು ಹೊಸ ನೀರು ಬಂದಿತ್ತು. ಹತ್ತು ದಿನಗಳಿಂದ ಕೆಲಸವಿರಲಿಲ್ಲ. ಮನೆಯಲ್ಲಿ ಅಮ್ಮಿ ಮಸಾಲೆ ಅರೆದಿಟ್ಟಿದ್ದರು. ಜೊಂಡಿನ ಅಂಚಿನಲ್ಲಿ ನೀರು ಸಣ್ಣಗೆ ಕುದಿಯುತ್ತಿರುವಂತೆ ಕಂಡಿತು. ಹತ್ತಿರ ಹೋಗಿ ನೋಡಿದರೆ ಕೆಂಪು ಬಣ್ಣದ ನೂರಾರು ಮರಿಗಳು ಒಂದೇ ಗುಂಪಾಗಿ ಉಸಿರಿಗಾಗಿ ಮೇಲೆ ಬಂದು ಹೋಗುತ್ತಿದ್ದವು. ಅವುಗಳ ಕೆಳಗೆ ದೊಡ್ಡ ಮರಲ್‌ನ ಕಪ್ಪು ಬೆನ್ನು. ಮರಿ ಕಾಯುವ ಮರಲ್ ಹತ್ತಿರ ಬಂದ ಯಾವುದನ್ನೂ ಬಿಡುವುದಿಲ್ಲ. ಎಂಥ ಎರೆ ಹಾಕಿದರೂ ಬಂದು ಕಚ್ಚುತ್ತದೆ. ಬೇಸಿಗೆಯಿಡೀ ಅಷ್ಟು ಸುಲಭದ ಮೀನು ನಮಗೆ ಕಂಡಿರಲಿಲ್ಲ.

ನಾನು ಕಪ್ಪೆಯನ್ನು ದಾರಕ್ಕೆ ಕಟ್ಟಿ ಅವರ ಕೈಗೆ ಕೊಟ್ಟೆ. ಅಬ್ಬಾ ಸ್ವಲ್ಪ ಹೊತ್ತು ನೋಡಿದರು. ದಾರ ಸುತ್ತಿದರು.

‘ಅದಕ್ಕೆ ಈಗ ಹಸಿವಿಲ್ಲ ಬೇಟಿ. ಮಕ್ಕಳನ್ನು ಕಾಯ್ತಾ ನಿಂತಿದೆ, ಅದಕ್ಕೇ ಎಲ್ಲದರ ಮೇಲೂ ಹಾರುತ್ತೆ. ಇದನ್ನು ಹಿಡಿದರೆ ಮರಿಗಳು ಸಂಜೆಯೊಳಗೆ ಬೇರೆ ಮೀನಿನ ಹೊಟ್ಟೆಯಲ್ಲಿ.’

ನಾವು ಕೆರೆಯ ಆಚೆ ಬದಿಗೆ ಹೋಗಿ ಎರೆಹುಳು ಹಾಕಿ ಕುಳಿತೆವು. ಮಗ್ರಿಬ್ ಹೊತ್ತಿಗೆ ಅಂಗೈಯಗಲದ ಮೂರು ಜಿಲೇಬಿ ಮೀನು ಸಿಕ್ಕವು. ಅಮ್ಮಿ ಅರೆದ ಮಸಾಲೆ ಅದಕ್ಕೆ ಹೆಚ್ಚೇ ಆಯಿತು. ಊಟ ಮಾಡುವಾಗ ಅಬ್ಬಾ ಎರಡು ಸಲ ಕೆಮ್ಮಿದರು. ಈ ಸಲದ ಸುಗ್ಗಿಗೆ ನೀವು ಹೋಗಬೇಡಿ, ನಾನು ಸಂಜೆ ಮಕ್ಕಳಿಗೆ ಟ್ಯೂಷನ್ ಹೇಳಿ ಫೀ ಕಟ್ಟಿಕೊಳ್ಳುತ್ತೇನೆ ಎಂದು ನಾನು ಅಂದೇ ಹೇಳಿದೆ. ಅವರು ಉತ್ತರ ಕೊಡಲಿಲ್ಲ. ಮೀನಿನ ಮುಳ್ಳು ಬಿಡಿಸಿ ನನ್ನ ತಟ್ಟೆಗೆ ಹಾಕಿದರು.

ಜೂನ್‌ನಿಂದ ನಮ್ಮ ಓಣಿಯ ಏಳು ಮಕ್ಕಳು ಟ್ಯೂಷನ್‌ಗೆ ಬರುತ್ತಿದ್ದಾರೆ. ಅಬ್ಬಾ ಇನ್ನೂ ಹೂಂ ಎಂದಿಲ್ಲ. ಸುಗ್ಗಿ ಶುರುವಾಗಲು ಇನ್ನೂ ಕೆಲವು ತಿಂಗಳಿವೆ.